ಒಂಬತ್ತು ಜನ ರೋಗಿಗಳು, ಎಲ್ಲರ ಉಸಿರಾಟವೂ ನಿಮಿಷಕ್ಕೆ 18. ಇದು ಹೇಗೆ?

ಹೊಸ ಏಪ್ರನ್:

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಅಸಿಸ್ಟೆಂಟ್ ಆಗಿ ಕೆಲಸಕ್ಕೆ ಸೇರಿ ನನಗಿದು ಮೂರನೇ ವಾರ. ತರಬೇತಿಯಲ್ಲಿ ಬೊಂಬೆಗೆ ಸ್ಪಂಜ್ ಬಾತ್ ಮಾಡಿಸಲು ಮುಕ್ಕಾಲು ಗಂಟೆ ಕೊಡುತ್ತಿದ್ದರು. ಬೊಂಬೆ ಪಾಪ, ಕೆಮ್ಮುವುದಿಲ್ಲ, ಬೈಯುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಬೆಡ್‌ಪ್ಯಾನ್ ಕೇಳುವುದಿಲ್ಲ.

ವಾರ್ಡಿಗೆ ಬಂದ ಮೇಲೆ ಎಲ್ಲ ಬೇರೆ. ಬೆಳಿಗ್ಗೆ ಎರಡು ಗಂಟೆಯೊಳಗೆ ಒಂಬತ್ತು ಜನರ ಮೈ ಒರೆಸಬೇಕು, ಹಾಸಿಗೆ ಬದಲಿಸಬೇಕು, ಜ್ವರ, ಪಲ್ಸ್, ಬಿಪಿ, ಉಸಿರಾಟ ನೋಡಿ ಬರೆಯಬೇಕು. ಮೊನ್ನೆ ಚಾರ್ಟ್‌ಗಳನ್ನು ಜೋಡಿಸಿ ಇಡುತ್ತಿದ್ದಾಗ ಗಮನಿಸಿದೆ. ಒಂಬತ್ತು ಜನರಿಗೂ ಉಸಿರಾಟ 18. ಹಿಂದಿನ ದಿನವೂ 18. ಅದರ ಹಿಂದಿನ ದಿನ ಯಾರಿಗೋ 18 ಬೇಜಾರಾಗಿ 20 ಬರೆದಿದ್ದರು. ಜೊತೆಯವರನ್ನು ಕೇಳಿದರೆ "ಅದನ್ನೆಲ್ಲ ಯಾರು ಎಣಿಸುತ್ತಾರಮ್ಮ, ಸುಮ್ನೆ ಬರಿ" ಅಂದರು.

ಎಲ್ಲವನ್ನೂ ಪುಸ್ತಕದ ಹಾಗೆ ಮಾಡಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತಾಗಿದೆ. ಹಾಗಾದರೆ ಯಾವುದನ್ನು ಬಿಡಬಹುದು? ಯಾವುದನ್ನು ಏನೇ ಆದರೂ ಬಿಡಬಾರದು? ಅನುಭವ ಇರುವವರು ಹೇಳಿ. ಬೈದರೂ ಪರವಾಗಿಲ್ಲ.

ರಾತ್ರಿಪಾಳಿ:

ಬೈಯುವುದು ಯಾಕೆ ತಂಗಿ. ಹದಿನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. "ಮೊದಲು ಆ ಬೆಡ್‌ಪ್ಯಾನ್ ತೊಳಿ" ಅನ್ನುವುದೇ ಉತ್ತರವಾಗಿತ್ತು.

ಬಿಡಬಹುದಾದದ್ದನ್ನು ಮೊದಲು ಹೇಳುತ್ತೇನೆ. ಎಲ್ಲರಿಗೂ ದಿನಾ ತಲೆಯಿಂದ ಕಾಲಿನವರೆಗೆ ಸೋಪು ಹಾಕಿ ಒರೆಸಲೇಬೇಕು ಅಂತೇನಿಲ್ಲ. ವಯಸ್ಸಾದವರ ಚರ್ಮ ತುಂಬಾ ತೆಳು. ದಿನಾ ಸೋಪು ತಿಕ್ಕಿದರೆ ಒಣಗಿ ಬಿರಿಯುತ್ತದೆ. ಕೈಗೆ ಕೆಲಸ ಜಾಸ್ತಿ ಇರುವ ದಿನ ಮುಖ, ಕೈ, ಕಂಕುಳು, ಬೆನ್ನು, ತೊಡೆಸಂದು, ಇಷ್ಟು ಮಾಡಿದರೆ ಸಾಕು. ಆದರೆ ಅದನ್ನು ಸಿಸ್ಟರ್‌ಗೆ ಹೇಳಿಯೇ ಬಿಡಬೇಕು. ಮಾಡದೆ ಇದ್ದದ್ದನ್ನು ಮಾಡಿದೆ ಅಂತ ಬರೆಯಬಾರದು.

ಕೆಲಸ ಕಡಿಮೆ ಮಾಡಬಹುದು, ಕ್ರಮ ಬದಲಿಸುವ ಹಾಗಿಲ್ಲ. ಮೊದಲು ಕಣ್ಣು. ಅದಕ್ಕೆ ಸೋಪು ಬೇಡ, ಬರೀ ನೀರು. ಮೂಗಿನ ಕಡೆಯಿಂದ ಹೊರಗಡೆಗೆ ಒಂದೇ ಸಲ ಒರೆಸಬೇಕು, ಇನ್ನೊಂದು ಕಣ್ಣಿಗೆ ಬಟ್ಟೆಯ ಬೇರೆ ತುದಿ. ಗುಪ್ತಾಂಗ ಕೊನೆಗೆ. ಅದಕ್ಕಿಂತ ಮುಂಚೆ ನೀರು ಬದಲಿಸಬೇಕು, ಬಟ್ಟೆಯನ್ನೂ. ಹೆಂಗಸರಿಗೆ ಯಾವತ್ತೂ ಮುಂದಿನಿಂದ ಹಿಂದಕ್ಕೆ. ಉಲ್ಟಾ ಒರೆಸಿದರೆ ಮಲದ ರೋಗಾಣು ಮೂತ್ರದ ದಾರಿಗೆ ಹೋಗುತ್ತದೆ. ಗಂಡಸರಲ್ಲಿ ಮುಂದೊಗಲನ್ನು ಹಿಂದೆ ಸರಿಸಿ ತೊಳೆದರೆ ಮತ್ತೆ ಮುಂದಕ್ಕೆ ತಂದೇ ಬಿಡಬೇಕು. ಮರೆತರೆ ಅಲ್ಲೇ ಬಿಗಿದು ಊದಿಕೊಳ್ಳುತ್ತದೆ, ಡಾಕ್ಟರ್ ಓಡಿ ಬರಬೇಕಾಗುತ್ತದೆ. ಇದನ್ನು ತರಗತಿಯಲ್ಲಿ ನಾಚಿಕೊಂಡು ಬೇಗ ದಾಟಿಸಿಬಿಡುತ್ತಾರೆ, ಅದಕ್ಕೇ ಇಲ್ಲಿ ಬಿಡಿಸಿ ಬರೆದೆ.

ಒರೆಸುವಷ್ಟು ಭಾಗ ಮಾತ್ರ ತೆರೆಯಿರಿ, ಉಳಿದದ್ದು ಹೊದ್ದಿಸಿರಲಿ. ಸ್ತನದ ಕೆಳಗೆ, ಹೊಟ್ಟೆಯ ಮಡಿಕೆ, ಕಾಲ್ಬೆರಳ ಸಂದಿ ಚೆನ್ನಾಗಿ ಒಣಗಲಿ. ಬೆರಳ ಸಂದಿಗೆ ಲೋಷನ್ ಬೇಡ. ಡಯಾಬಿಟಿಸ್ ಇರುವವರ ಕಾಲುಗುರಿಗೆ ಕತ್ತರಿ ಹಾಕಬೇಡಿ, ಉಗುರು ಬೆಳೆದಿದೆ ಅಂತ ಸಿಸ್ಟರ್‌ಗೆ ಹೇಳಿ.

ಕಂಡದ್ದು ಕಂಡಂತೆ:

ಎಲ್ಲ ಸರಿ ಅಕ್ಕ, ಆದರೆ ಆ 18ರ ವಿಷಯ ಯಾರೂ ಮುಟ್ಟುತ್ತಿಲ್ಲ. ನಾನೂ ಏಳು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಾನು ಬರೆಯುವುದೂ 18. ಹಾಸಿಗೆಯಲ್ಲಿ ಕೂತು ಮೊಬೈಲ್ ನೋಡುತ್ತಿರುವ, ನಾಳೆ ಡಿಸ್ಚಾರ್ಜ್ ಆಗುವ ಹುಡುಗನ ಉಸಿರು ಎಣಿಸಿ ಏನಾಗಬೇಕು? ಒಬ್ಬರಿಗೆ ಒಂದು ನಿಮಿಷ ಅಂದರೆ ಇಪ್ಪತ್ತು ಜನರಿಗೆ ಇಪ್ಪತ್ತು ನಿಮಿಷ. ಆ ಹೊತ್ತಲ್ಲಿ ನಾಲ್ಕು ಜನರನ್ನು ಮಗ್ಗುಲು ತಿರುಗಿಸಬಹುದು. ಯಾವುದು ಮುಖ್ಯ?

ವಾರ್ಡ್ ಸಿಸ್ಟರ್:

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಬಹಳ ಜನ ಮಾಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ.

ಚಾರ್ಟ್ ಓದುವವಳು ನಾನು. ನನ್ನ ಕಡೆಯಿಂದ ಒಮ್ಮೆ ನೋಡಿ. ಒಬ್ಬರ ಸ್ಥಿತಿ ಕೆಡಲು ಶುರುವಾದಾಗ ಬಿಪಿ ಬಹಳ ಹೊತ್ತು ಸರಿಯಾಗೇ ಇರಬಹುದು. ಸೋಂಕು ರಕ್ತಕ್ಕೆ ಹರಡುತ್ತಿರಲಿ, ನ್ಯುಮೋನಿಯಾ ಇರಲಿ, ಹೃದಯ ಸೋಲುತ್ತಿರಲಿ, ಉಸಿರು ಮಾತ್ರ ಎಷ್ಟೋ ಸಲ ಮೊದಲೇ ಏರುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು ಅನ್ನುವ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ಉಸಿರು 21ರಿಂದ 24 ಇದ್ದರೆ 2 ಅಂಕ, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೇರ 3. ಯಾವುದೇ ಒಂದು ಅಳತೆಗೆ ಕೊಡುವ ಗರಿಷ್ಠ ಅಂಕವೇ 3. ಉಸಿರು 8ಕ್ಕೆ ಇಳಿದರೂ ಅಷ್ಟೆ.

ನೀವು 18 ಬರೆದರೆ ನಾನು ಮುಂದಿನ ಚಾರ್ಟ್‌ಗೆ ಹೋಗುತ್ತೇನೆ. ಖಾಲಿ ಬಿಟ್ಟಿದ್ದರೆ ಎದ್ದು ಹೋಗಿ ನಾನೇ ನೋಡುತ್ತಿದ್ದೆ. ಅದಕ್ಕೇ ಹೇಳುವುದು, ಸಮಯ ಸಿಗದಿದ್ದರೆ ಖಾಲಿ ಬಿಡಿ. ಖಾಲಿ ಜಾಗ ನನ್ನನ್ನು ಎಬ್ಬಿಸುತ್ತದೆ, 18 ಮಲಗಿಸುತ್ತದೆ.

ಮಗ್ಗುಲು ತಿರುಗಿಸುವುದು ಮುಖ್ಯ, ಒಪ್ಪುತ್ತೇನೆ. ಹಾಗಿದ್ದರೆ ನಮ್ಮನ್ನು ಕರೆಯಿರಿ, ಇಬ್ಬರೂ ಸೇರಿ ತಿರುಗಿಸೋಣ. ಎಲ್ಲ ಸಿಸ್ಟರ್‌ಗಳೂ ಬರುವುದಿಲ್ಲ ಅಂತ ಗೊತ್ತು. ಆ ಜಗಳ ಬೇರೆ.

ಕಂಡದ್ದು ಕಂಡಂತೆ:

ಖಾಲಿ ಬಿಟ್ಟರೆ ಬೈಗುಳ ಬೀಳುವುದು ನಮಗೆ ಸಿಸ್ಟರ್, ನಿಮಗಲ್ಲ. ಆದರೂ ನೀವು ಹೇಳಿದ್ದು ತಲೆಯಲ್ಲಿ ಕೂತಿದೆ.

ಹೊಸ ಏಪ್ರನ್:

ಸಿಸ್ಟರ್, ಎಣಿಸುವಾಗ ರೋಗಿಗೆ ಗೊತ್ತಾದರೆ ಉಸಿರು ಬದಲಾಗುತ್ತದಲ್ಲ? ನಾನು "ನಿಮ್ಮ ಉಸಿರಾಟ ನೋಡುತ್ತೇನೆ" ಅಂದ ತಕ್ಷಣ ಒಬ್ಬ ತಾತ ಯೋಗ ಮಾಡುವವರ ಹಾಗೆ ಉದ್ದುದ್ದ ಎಳೆಯಲು ಶುರು ಮಾಡಿದರು.

ವಾರ್ಡ್ ಸಿಸ್ಟರ್:

ಹೇಳಬೇಡಿ. ಪಲ್ಸ್ ನೋಡುತ್ತೇನೆ ಅಂತ ಮಾತ್ರ ಹೇಳಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆಗೆ ನಿಮ್ಮ ಎರಡು ಅಥವಾ ಮೂರು ಬೆರಳು ಇಡಿ. ನಿಮ್ಮ ಹೆಬ್ಬೆರಳು ಬೇಡ, ಅದರಲ್ಲೇ ನಿಮ್ಮ ನಾಡಿ ಬಡಿಯುತ್ತಿರುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಬಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ. ಅದು ಮುಗಿದ ಮೇಲೂ ಬೆರಳು ತೆಗೆಯಬೇಡಿ. ಹಾಗೇ ಹಿಡಿದುಕೊಂಡು ಎದೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು. ಎದೆ ಕಾಣದಿದ್ದರೆ ರೋಗಿಯ ಅದೇ ಕೈಯನ್ನು ಅವರ ಹೊಟ್ಟೆಯ ಮೇಲಿಟ್ಟುಕೊಂಡು ಹಿಡಿಯಿರಿ, ಏರಿಳಿತ ನಿಮ್ಮ ಕೈಗೇ ತಿಳಿಯುತ್ತದೆ.

ಸಂಖ್ಯೆ ಒಂದೇ ಅಲ್ಲ. ಕುತ್ತಿಗೆಯ ಸ್ನಾಯು ಎಳೆಯುತ್ತಿದೆಯಾ, ಎರಡು ಮಾತಿಗೆ ಒಮ್ಮೆ ನಿಲ್ಲಿಸುತ್ತಿದ್ದಾರಾ, ತುಟಿ ನೀಲಿ ಇದೆಯಾ, ಗೊರಗೊರ ಸದ್ದು ಇದೆಯಾ, ಇದನ್ನೂ ಹೇಳಿ.

ಕಲಿಸುವವಳು:

ತರಬೇತಿ ಕೊಡುವವಳು ನಾನು, ಆ ಮುಕ್ಕಾಲು ಗಂಟೆಯ ಪಾಪದಲ್ಲಿ ನನಗೂ ಪಾಲಿದೆ!

ಬಿಪಿ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಮೆಷಿನ್ ಬಂದ ಮೇಲೆ ಬಟನ್ ಒತ್ತಿದರೆ ಮುಗಿಯಿತು ಅಂದುಕೊಂಡಿದ್ದಾರೆ. ರೋಗಿ ಬಾತ್‌ರೂಮಿನಿಂದ ಈಗಷ್ಟೇ ನಡೆದು ಬಂದಿದ್ದರೆ ಐದು ನಿಮಿಷ ಕೂರಲಿ. ಬೆನ್ನಿಗೆ ಒರಗು ಇರಲಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ ಇರಲಿ. ತೋಳು ಕೆಳಗೆ ಜೋತು ಬಿದ್ದಿದ್ದರೆ ಜಾಸ್ತಿ ತೋರಿಸುತ್ತದೆ. ಮಾತಾಡಿದರೂ ಜಾಸ್ತಿ, ಮೂತ್ರ ಕಟ್ಟಿಕೊಂಡಿದ್ದರೂ ಜಾಸ್ತಿ. ಪಟ್ಟಿ ಬರಿ ತೋಳಿಗೆ ಸುತ್ತಬೇಕು, ಸ್ವೆಟರ್ ಮೇಲಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದರೆ ಇಲ್ಲದ ಬಿಪಿ ಬರುತ್ತದೆ, ತೆಳು ತೋಳಿಗೆ ದೊಡ್ಡದು ಹಾಕಿದರೆ ಇರುವ ಬಿಪಿ ಮರೆಯಾಗುತ್ತದೆ.

ಡಯಾಲಿಸಿಸ್‌ಗೆ ಫಿಸ್ಚುಲಾ (ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸಿದ್ದು) ಮಾಡಿದ ಕೈಗೆ ಪಟ್ಟಿ ಸುತ್ತಲೇಬಾರದು. ಡ್ರಿಪ್ ಹೋಗುತ್ತಿರುವ ಕೈಯೂ ಬೇಡ. ಸ್ತನ ತೆಗೆದ ಆಪರೇಷನ್ ಆಗಿದ್ದರೆ ಆ ಕಡೆಯ ತೋಳು ಬಿಡಿ, ಯಾವ ಕಡೆ ಅಂತ ಮೊದಲೇ ಕೇಳಿ.

ಜ್ವರ ಬಾಯಲ್ಲಿ ನೋಡುವುದಾದರೆ ಬಿಸಿಯೋ ತಣ್ಣಗಿನದೋ ಕುಡಿದು 15ರಿಂದ 30 ನಿಮಿಷ ಆಗಿರಬೇಕು. ಆಕ್ಸಿಮೀಟರ್ ತಣ್ಣಗಿನ ಬೆರಳಲ್ಲಿ, ಗಾಢ ಉಗುರುಬಣ್ಣದ ಬೆರಳಲ್ಲಿ ತಪ್ಪು ತೋರಿಸಬಹುದು. ಬೆರಳು ಬೆಚ್ಚಗೆ ಮಾಡಿ ಮತ್ತೆ ನೋಡಿ. ಆದರೆ ರೋಗಿ ಏದುಸಿರು ಬಿಡುತ್ತಿದ್ದರೆ ಮೆಷಿನ್ ಜೊತೆ ಆಟವಾಡುತ್ತಾ ನಿಲ್ಲಬೇಡಿ, ಕೂಗಿ ಕರೆಯಿರಿ.

ಮನೆಯಲ್ಲೇ ಆರೈಕೆ:

ನಾನು ಆಸ್ಪತ್ರೆಯವಳಲ್ಲ. ಸ್ಟ್ರೋಕ್ ಆಗಿ ಬಲಗಡೆ ಬಿದ್ದುಹೋದ ನಮ್ಮ ಮಾವನವರನ್ನು ಎಂಟು ತಿಂಗಳಿಂದ ಮನೆಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿ ಕೇಳಬಹುದಾ? ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಕೆಂಪಗಾಗಿದೆ. ಯಾರೋ ಗಾಳಿ ತುಂಬುವ ರಿಂಗ್ ಕೊಟ್ಟರು, ಅದರ ಮೇಲೆ ಕೂರಿಸುತ್ತಿದ್ದೇನೆ. ದಿನಾ ಎರಡು ಸಲ ಆ ಜಾಗಕ್ಕೆ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕುತ್ತೇನೆ. ಆದರೂ ಹೋಗುತ್ತಿಲ್ಲ.

ರಾತ್ರಿಪಾಳಿ:

ಮೊದಲು ತಿಕ್ಕುವುದು ನಿಲ್ಲಿಸಿ ತಾಯಿ. ರಿಂಗ್ ಕೂಡ ತೆಗೆದಿಡಿ. ಪ್ರೀತಿಯಿಂದಲೇ ಮಾಡುತ್ತಿದ್ದೀರಿ, ಗೊತ್ತು. ನಾವೂ ಹಿಂದೆ ಹಾಗೇ ಮಾಡುತ್ತಿದ್ದೆವು.

ಮೂಳೆ ಮತ್ತು ಹಾಸಿಗೆಯ ನಡುವೆ ಮಾಂಸ ಒತ್ತಿಹೋಗಿ ರಕ್ತ ಓಡದೆ ಆ ಜಾಗ ಒಳಗಿನಿಂದ ಸಾಯಲು ಶುರುವಾಗಿರುತ್ತದೆ. ಅದರ ಮೇಲೆ ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳು ಇನ್ನೂ ಒಡೆದುಹೋಗುತ್ತವೆ. ರಿಂಗ್ ನಡುವಿನ ತೂತಿನ ಸುತ್ತಲೂ ಒತ್ತಿ, ನಡುವಿಗೆ ಬರುವ ರಕ್ತವನ್ನೂ ತಡೆಯುತ್ತದೆ.

ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡುತ್ತಿದೆ. ಒತ್ತಿದರೂ ಕೆಂಪಗೇ ಇದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ, ಚರ್ಮ ಒಡೆಯದಿದ್ದರೂ ಸರಿ. ಮೈಬಣ್ಣ ಕಪ್ಪಗಿರುವವರಲ್ಲಿ ಎಷ್ಟೋ ಸಲ ಕೆಂಪು ಕಾಣುವುದೇ ಇಲ್ಲ. ಅವರಲ್ಲಿ ಕಣ್ಣಿಗಿಂತ ಕೈ ನಂಬಿ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಮುಟ್ಟಿದರೆ ನೋಯುತ್ತದಾ ಅಂತ ನೋಡಿ. ನಾನು ಕಂಡ ಅತಿ ಕೆಟ್ಟ ಹುಣ್ಣು ಹಾಗೇ ತಪ್ಪಿಹೋದದ್ದು. ನಾಲ್ಕು ದಿನ ಚಾರ್ಟಿನಲ್ಲಿ "ಚರ್ಮ ಸರಿ ಇದೆ" ಅಂತಿತ್ತು. ಅದರಲ್ಲಿ ಒಂದು ಸಹಿ ನನ್ನದು.

ಈಗ ಏನು ಮಾಡಬೇಕು ಅಂದರೆ, ಆ ಜಾಗದ ಮೇಲೆ ಭಾರವೇ ಬೀಳಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆ ಮುಟ್ಟದ ಹಾಗೆ ಮೀನಖಂಡದ ಕೆಳಗೆ ಉದ್ದಕ್ಕೂ ಇನ್ನೊಂದು. ಊಟದ ಹೊತ್ತು ಬಿಟ್ಟು ತಲೆಯ ಕಡೆ 30 ಡಿಗ್ರಿಗಿಂತ ಮೇಲೆತ್ತಬೇಡಿ, ಜಾರಿ ಜಾರಿ ಚರ್ಮ ಒಳಗಿಂದ ಹರಿಯುತ್ತದೆ. ಮೇಲಕ್ಕೆ ಸರಿಸುವಾಗ ಎಳೆಯಬೇಡಿ. ಸೊಂಟದ ಕೆಳಗೆ ಮಡಚಿದ ಬೆಡ್‌ಶೀಟ್ ಹಾಸಿ ಇಬ್ಬರು ಎತ್ತಿ ಸರಿಸಿ. ಮಾವನವರನ್ನು ಈ ವಾರವೇ ಡಾಕ್ಟರ್‌ಗೋ ನರ್ಸ್‌ಗೋ ತೋರಿಸಿ. ಚರ್ಮ ಒಡೆದಿದ್ದರೆ ಇವತ್ತೇ.

ಕಲಿಸುವವಳು:

ಎರಡು ಗಂಟೆ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ಅದಕ್ಕಿಂತ ಬೇಗ ಬೇಕು, ಒಳ್ಳೆಯ ಹಾಸಿಗೆ ಇದ್ದವರಿಗೆ ಸ್ವಲ್ಪ ತಡವಾದರೂ ನಡೆಯುತ್ತದೆ. ಯಾರಿಗೆ ಅಪಾಯ ಜಾಸ್ತಿ ಅಂತ ತಿಳಿಯಲು ವಾರ್ಡುಗಳಲ್ಲಿ 1987ರಿಂದ ಬ್ರೇಡನ್ ಸ್ಕೇಲ್ ಅನ್ನುವ ಅಳತೆ ಇದೆ. ಒಟ್ಟು 23 ಅಂಕ, ಕಡಿಮೆ ಬಂದಷ್ಟೂ ಅಪಾಯ ಹೆಚ್ಚು, 18 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಚ್ಚರ. ಇಲ್ಲೂ ಅದೇ 18 ಬಂತು ನೋಡಿ! ಅಂಕ ಹಾಕುವುದು ಸಿಸ್ಟರ್ ಕೆಲಸ. ಆದರೆ ಬಟ್ಟೆ ಒದ್ದೆಯಾಗಿತ್ತು, ಊಟ ಅರ್ಧ ಬಿಟ್ಟರು, ಕಾಲು ಅಲ್ಲಾಡಿಸಲೇ ಇಲ್ಲ ಅನ್ನುವುದೆಲ್ಲ ನಿಮ್ಮ ಬಾಯಿಂದ ಬಂದರೇ ಅವರಿಗೆ ಗೊತ್ತಾಗುವುದು.

ಹಾಸಿಗೆಯ ಮೇಲಿನಿಂದ:

ನಾನು ನರ್ಸ್ ಅಲ್ಲ, ಅಸಿಸ್ಟೆಂಟ್ ಅಲ್ಲ. ತೊಡೆಮೂಳೆ ಮುರಿದು ಆರು ವಾರ ಮಲಗಿದ್ದವನು. ಒಂದು ಮಾತು ಹೇಳಬೇಕು ಅನ್ನಿಸಿತು.

ಬೆಡ್‌ಪ್ಯಾನ್ ಕೊಟ್ಟು ಹೋದವರು ವಾಪಸ್ ಬರಲು ತೆಗೆದುಕೊಂಡ ಹೊತ್ತು ನನಗೆ ಈಗಲೂ ನೆನಪಿದೆ. ಒಂದು ಸಲ ಇಪ್ಪತ್ತೈದು ನಿಮಿಷ. ಕರೆಗಂಟೆ ಕೈಗೆ ಸಿಗದ ಕಡೆ ಗೋಡೆಗೆ ನೇತಾಡುತ್ತಿತ್ತು. ಇನ್ನೊಬ್ಬರಿದ್ದರು, ಬಂದ ತಕ್ಷಣ ಹೆಸರು ಹೇಳಿಕೊಂಡು "ಪರದೆ ಎಳೆಯುತ್ತೇನೆ, ಈಗ ಎಡಗಡೆಗೆ ತಿರುಗಿಸುತ್ತೇನೆ, ಮೂರು ಅಂದಾಗ" ಅನ್ನುತ್ತಿದ್ದರು. ಇಬ್ಬರು ಮಾಡುತ್ತಿದ್ದದ್ದೂ ಅದೇ ಕೆಲಸ. ಆದರೆ ಅವರು ಬಂದ ದಿನ ನಾನು ನೀರು ಕುಡಿಯುತ್ತಿದ್ದೆ. ಉಳಿದ ದಿನ ಬೆಡ್‌ಪ್ಯಾನ್ ಕೇಳಬೇಕಾಗುತ್ತದಲ್ಲ ಅಂತ ಕುಡಿಯುತ್ತಲೇ ಇರಲಿಲ್ಲ.

ವಾರ್ಡ್ ಸಿಸ್ಟರ್:

ಇದನ್ನು ಓದಿ ಸುಮ್ಮನೆ ಕೂತೆ. "ರೋಗಿ ನೀರು ಸರಿಯಾಗಿ ಕುಡಿಯುತ್ತಿಲ್ಲ" ಅಂತ ಎಷ್ಟು ಸಲ ಬರೆದಿದ್ದೇನೋ.

ಬೆನ್ನು ಬಿದ್ದವನು:

ಹೆಸರೇ ಹೇಳುತ್ತದೆ. ಆರು ವರ್ಷ ಅಸಿಸ್ಟೆಂಟ್ ಆಗಿದ್ದೆ, ಈಗ ಕುರ್ಚಿಯ ಕೆಲಸ. ಜಾರುತ್ತಿದ್ದವರೊಬ್ಬರನ್ನು ಹಿಡಿಯಲು ಹೋಗಿ ನನ್ನ ಸೊಂಟ ಹೋಯಿತು. ಅವರೂ ಬಿದ್ದರು.

ಬೀಳುತ್ತಿರುವವರನ್ನು ಎತ್ತಿ ಹಿಡಿಯಲು ಹೋಗಬೇಡಿ. ಅವರ ಹಿಂದೆ ಕಾಲಗಲಿಸಿ ನಿಂತು, ನಿಮ್ಮ ತೊಡೆಯ ಮೇಲೆ ಜಾರಿಸುತ್ತಾ ಮೆಲ್ಲಗೆ ನೆಲಕ್ಕೆ ಇಳಿಸಿ. ತಲೆ ಕಾಯಿರಿ, ಉಳಿದದ್ದು ಆಮೇಲೆ. ಕೆಳಗೆ ಬಂದ ಮೇಲೆ ಗಾಬರಿಯಲ್ಲಿ ಎತ್ತಿ ಮಲಗಿಸಬೇಡಿ. ಅಲ್ಲೇ ಇದ್ದು ಸಿಸ್ಟರ್‌ನ ಕರೆಯಿರಿ, ಅವರು ನೋಡಲಿ.

ಬೀಳದ ಹಾಗೆ ನೋಡಿಕೊಳ್ಳುವುದು ಅದಕ್ಕಿಂತ ಸುಲಭ. ಮಲಗಿದ್ದವರನ್ನು ಒಂದೇ ಸಲಕ್ಕೆ ಎಬ್ಬಿಸಿ ನಿಲ್ಲಿಸಬೇಡಿ. ಮಂಚದ ಅಂಚಿಗೆ ಕೂರಿಸಿ ಕಾಲು ಇಳಿಬಿಡಲಿ, ಒಂದೆರಡು ನಿಮಿಷ. ತಲೆ ಸುತ್ತುತ್ತದಾ ಕೇಳಿ, ಮುಖ ನೋಡಿ. ಎದ್ದ ತಕ್ಷಣ ಬಿಪಿ ಇಳಿಯುವವರು ಬಹಳ ಜನ. ಮಂಚ, ವೀಲ್‌ಚೇರ್ ಎರಡರ ಬ್ರೇಕೂ ಹಾಕಿದ್ದೀರಾ ಅಂತ ಕಾಲಿಂದ ಒತ್ತಿ ನೋಡಿ, ಕಣ್ಣಿಂದ ಅಲ್ಲ. ಪಾದ ಇಡುವ ಪ್ಲೇಟ್ ಮೇಲಕ್ಕೆ ಮಡಚಿ. ಕುರ್ಚಿ ರೋಗಿಯ ಬಲ ಇರುವ ಕಡೆಗೆ ಇರಲಿ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಸ್ಟ್ರೋಕ್ ಆದವರ ಭುಜ ಕೀಲು ತಪ್ಪಬಹುದು. ಸೊಂಟದ ಬೆಲ್ಟ್ ಇದ್ದರೆ ಹಾಕಿ. ಅವರು ನಿಮ್ಮ ಕುತ್ತಿಗೆಗೆ ಜೋತು ಬೀಳಲು ಬಿಡಬೇಡಿ. ನೀವು ಬಾಗಬೇಕಾದದ್ದು ಮಂಡಿಯಲ್ಲಿ, ಸೊಂಟದಲ್ಲಲ್ಲ. ಮಂಚ ಎತ್ತರಿಸುವ ಹಿಡಿಕೆ ಇದ್ದರೆ ಕೆಲಸ ಮಾಡುವಾಗ ಮೇಲೆತ್ತಿ, ಹೋಗುವಾಗ ಪೂರ್ತಿ ಇಳಿಸಿ ಹೋಗಿ. ನಾನು ಆರು ವರ್ಷವೂ ಬಗ್ಗಿಯೇ ಮಾಡಿದೆ. ಹಿಡಿಕೆ ತಿರುಗಿಸಲು ಸೋಮಾರಿತನ.

ಮನೆಯಲ್ಲೇ ಆರೈಕೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒತ್ತಿ ನೋಡಿದೆ, ಬೆಳ್ಳಗಾಗಲಿಲ್ಲ. ನಾಳೆಗೆ ಡಾಕ್ಟರ್ ಬರಲು ಹೇಳಿದ್ದೇವೆ. ಅಂದ ಹಾಗೆ ನಾನು ಇಷ್ಟು ದಿನ ಅವರ ಅಂಗಿಯ ತೋಳನ್ನು ಚೆನ್ನಾಗಿರುವ ಕೈಗೇ ಮೊದಲು ಹಾಕುತ್ತಿದ್ದೆ, ಬಿದ್ದ ಕೈಯನ್ನು ತಿರುಚಿ ತೂರಿಸಬೇಕಾಗುತ್ತಿತ್ತು.

ಬೆನ್ನು ಬಿದ್ದವನು:

ಹಾಕುವಾಗ ಬಲ ಇಲ್ಲದ ಕೈ ಮೊದಲು. ತೆಗೆಯುವಾಗ ಬಲ ಇರುವ ಕೈ ಮೊದಲು. ಅಷ್ಟೆ.

ರಾತ್ರಿಪಾಳಿ:

ಊಟದ ಬಗ್ಗೆ ಅವರು ಕೇಳಲಿಲ್ಲ, ಆದರೆ ಸ್ಟ್ರೋಕ್ ಅಂದ ಮೇಲೆ ಹೇಳಿಬಿಡುತ್ತೇನೆ. ಪೂರ್ತಿ ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿದರೆ ಶ್ವಾಸಕ್ಕೆ ಹೋಗುತ್ತದೆ. ನೀವೂ ಅವರ ಎದುರು ಕೂತುಕೊಳ್ಳಿ, ನಿಂತು ತಿನ್ನಿಸಿದರೆ ಅವರ ತಲೆ ತಾನೇ ಮೇಲೆತ್ತುತ್ತದೆ. ಸಣ್ಣ ಚಮಚ, ಬಲ ಇರುವ ಕೆನ್ನೆಯ ಕಡೆಗೆ. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಮುಂದಿನದು. ಬಿದ್ದ ಕಡೆಯ ಕೆನ್ನೆಯಲ್ಲಿ ಅನ್ನಾಹಾರ ಉಳಿದಿರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ, ನೀವೇ ನೋಡಬೇಕು. ಕೆಮ್ಮಿದರೆ, ದನಿ ನೀರಲ್ಲಿ ಮುಳುಗಿದ ಹಾಗೆ ಗೊರಗೊರ ಆದರೆ ನಿಲ್ಲಿಸಿ. ಮುಗಿದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಸದ್ದಿಲ್ಲದೆ ಶ್ವಾಸಕ್ಕೆ ಹೋಗುವುದೂ ಉಂಟು. ಕೆಮ್ಮು ಇಲ್ಲ ಅಂತ ಧೈರ್ಯ ಬೇಡ, ಊಟವಾದ ಮೇಲೆ ಪದೇ ಪದೇ ಜ್ವರ ಬರುತ್ತಿದ್ದರೆ ಹೇಳಿ.

ಬಾಯಿ ತೊಳೆಸುವುದು ಬಿಡಬೇಡಿ. ಪ್ರಜ್ಞೆ ಇಲ್ಲದವರಿಗಾದರೆ ಪಕ್ಕಕ್ಕೆ ತಿರುಗಿಸಿಯೇ ಮಾಡಬೇಕು, ಹಲ್ಲುಗಳ ನಡುವೆ ನಿಮ್ಮ ಬೆರಳು ಹಾಕಬಾರದು. ಕಟ್ಟಿಸಿದ ಹಲ್ಲು ತೊಳೆಯುವಾಗ ಸಿಂಕಿನೊಳಗೆ ಟವೆಲ್ ಹಾಸಿ. ಸೇರಿದ ವರ್ಷ ನಾನು ಒಂದು ಸೆಟ್ಟು ಬೀಳಿಸಿ ಎರಡು ತುಂಡು ಮಾಡಿದ್ದೇನೆ. ಇನ್ನೊಂದು ಸೆಟ್ಟು ಬೆಡ್‌ಶೀಟಿನ ಜೊತೆ ಲಾಂಡ್ರಿಗೆ ಹೋಯಿತು. ಆ ಅಜ್ಜಿ ಹನ್ನೊಂದು ದಿನ ಬರೀ ಮೆತ್ತನೆಯದನ್ನೇ ತಿಂದರು. ಕಂಡಾಗಲೆಲ್ಲ ಬಾಯಿ ತೆರೆದು ತೋರಿಸುತ್ತಿದ್ದರು.

ಕಂಡದ್ದು ಕಂಡಂತೆ:

ನಾನು ಮತ್ತೆ ಬಂದೆ. ಇನ್ನೊಂದು ತಪ್ಪೊಪ್ಪಿಗೆ. ಗ್ಲೌಸ್ ಹಾಕಿದ್ದರೆ ಕೈ ತೊಳೆಯುವುದಿಲ್ಲ. ಒಂದೇ ಜೊತೆಯಲ್ಲಿ ಇಬ್ಬರು ಮೂವರನ್ನು ನೋಡಿಬಿಡುತ್ತೇನೆ, ಗಲೀಜಾಗದಿದ್ದರೆ. ಬೈಯಿರಿ.

ಕಲಿಸುವವಳು:

ಇದಕ್ಕೆ ಬೈಯುತ್ತೇನೆ. ಗ್ಲೌಸ್ ಕಾಪಾಡುವುದು ನಿಮ್ಮ ಕೈಯನ್ನು. ಮೂರನೇ ಮಂಚದವರ ಪಾಲಿಗೆ ಅದು ಮೊದಲ ಇಬ್ಬರ ರೋಗಾಣು ಹೊತ್ತು ತರುವ ಚೀಲ. ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ತೆಗೆಯುವಾಗಲೂ ಕೈಗೆ ಅಂಟುತ್ತದೆ. ಹಾಗಾಗಿ ತೆಗೆದ ಮೇಲೂ ಕೈ ತೊಳೆಯಬೇಕು.

ಯಾವಾಗ ತೊಳೆಯಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗದರ್ಶಿಯಲ್ಲಿ ಐದು ಸಂದರ್ಭ ಹೇಳಿದೆ. ರೋಗಿಯನ್ನು ಮುಟ್ಟುವ ಮುಂಚೆ, ಶುದ್ಧವಾಗಿ ಮಾಡಬೇಕಾದ ಕೆಲಸದ ಮುಂಚೆ, ರಕ್ತ ಮಲ ಮೂತ್ರದಂಥದ್ದು ತಾಗಿರಬಹುದಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ ಟೇಬಲ್ ಮುಟ್ಟಿದ ಮೇಲೆ. ಎಲ್ಲರೂ ಮರೆಯುವುದು ಕೊನೆಯದನ್ನು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ ಎಲ್ಲ ಸೇರಿ 40ರಿಂದ 60 ಸೆಕೆಂಡು. ಕೈ ಕಣ್ಣಿಗೆ ಗಲೀಜಾಗಿ ಕಂಡರೆ ಸೋಪೇ ಬೇಕು. ಸಿ ಡಿಫ್ ಅನ್ನುವ ಬ್ಯಾಕ್ಟೀರಿಯಾದ ಭೇದಿ ಇರುವವರನ್ನು ನೋಡಿದ ಮೇಲೂ ಸೋಪೇ. ಅದರ ಸ್ಪೋರುಗಳನ್ನು, ಅಂದರೆ ಗಟ್ಟಿ ಕವಚದ ರೂಪವನ್ನು, ಆಲ್ಕೋಹಾಲ್ ಕೊಲ್ಲುವುದಿಲ್ಲ.

ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಬೈಗುಳಕ್ಕೆ ಹೆದರಿ ಬಚ್ಚಿಡುವ ವಿಷಯ ಅಲ್ಲ.

ವಾರ್ಡ್ ಸಿಸ್ಟರ್:

ಯೂರಿನ್ ಬ್ಯಾಗ್ ಬಗ್ಗೆಯೂ ಒಂದು ಗೋಳು. ಮೂತ್ರಕೋಶಕ್ಕಿಂತ ಯಾವಾಗಲೂ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ರೋಗಿಯನ್ನು ಸಾಗಿಸುವಾಗ ಹೊಟ್ಟೆಯ ಮೇಲಿಟ್ಟುಕೊಂಡು ಹೋಗುತ್ತಾರೆ, ಹಳೇ ಮೂತ್ರ ವಾಪಸ್ ಒಳಗೆ. ಮಂಚದ ಪಕ್ಕದ ಏರಿಳಿಸುವ ಕಟಕಟೆಗೂ ತೂಗುಹಾಕಬೇಡಿ, ಮಂಚದ ಚೌಕಟ್ಟಿಗೆ ಹಾಕಿ. ಮೂತ್ರ ಬರುತ್ತಿಲ್ಲ ಅಂತ ಓಡಿ ಬರುವ ಮುಂಚೆ ಟ್ಯೂಬಿನ ಮೇಲೆ ರೋಗಿಯೇ ಮಲಗಿದ್ದಾರಾ ನೋಡಿ. ನಿಜವಾಗಲೂ ಬರುತ್ತಿಲ್ಲ ಅಂದರೆ ಓಡಿಯೇ ಬನ್ನಿ.

ಆಕ್ಸಿಜನ್ ಜಾಸ್ತಿ ಮಾಡುವುದು, ಡ್ರಿಪ್ ವೇಗ ಬದಲಿಸುವುದು, ಮಾತ್ರೆ ಕೊಡುವುದು ನಿಮ್ಮ ಕೆಲಸ ಅಲ್ಲ. ರೋಗಿಯ ಕಡೆಯವರು ಕಾಡಿದರೂ, "ಸ್ವಲ್ಪ ತಿರುಗಿಸಿ ಸಾಕು" ಅಂದರೂ. ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೂ ಕೆಡುಕೇ.

ಹೊಸ ಏಪ್ರನ್:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲವನ್ನೂ ಎರಡು ಸಲ ಓದಿದೆ.

ನಾಲ್ಕು ದಿನವೂ ಎಣಿಸಿದೆ. ನಿಜವಾಗಲೂ 18 ಇದ್ದವರು ಒಬ್ಬರೇ. 14, 16, 15, 22 ಹೀಗೆಲ್ಲ ಬಂತು. ಒಬ್ಬರದು 26 ಬಂತು, ಎರಡು ಸಲ ಎಣಿಸಿ ಸಿಸ್ಟರ್‌ಗೆ ಹೇಳಿದೆ. ಅವರು ಬಂದು ನೋಡಿದರು. ನೋವಿನ ಮಾತ್ರೆಯ ಹೊತ್ತು ಮೀರಿತ್ತಂತೆ, ಕೊಟ್ಟ ಮೇಲೆ 19ಕ್ಕೆ ಇಳಿಯಿತು. ದೊಡ್ಡದೇನೂ ಇರಲಿಲ್ಲ. ಆದರೆ ಮರುದಿನ ಅದೇ ಸಿಸ್ಟರ್ ಚಾರ್ಟ್ ತಿರುವಿ "ಇದ್ಯಾರು ಬರೆದದ್ದು?" ಅಂತ ಕೇಳಿದರು. ಹೆದರಿಕೊಂಡೇ ನಾನು ಅಂದೆ. ಏನೂ ಹೇಳಲಿಲ್ಲ. ಮಧ್ಯಾಹ್ನ ಮಗ್ಗುಲು ತಿರುಗಿಸುವಾಗ ಕರೆಯದೆಯೇ ಬಂದು ಇನ್ನೊಂದು ಕಡೆ ನಿಂತರು.

ಒಂದು ಸಮಸ್ಯೆ. ವಾಚ್ ಕಟ್ಟಿಕೊಂಡರೆ ಕೈ ಸರಿಯಾಗಿ ತೊಳೆಯಲು ಆಗುವುದಿಲ್ಲ ಅಂತ ಬಿಚ್ಚಿಸಿದ್ದಾರೆ. ಗೋಡೆ ಗಡಿಯಾರ ಮೂರು ಮಂಚಗಳಿಗೆ ಕಾಣುವುದೇ ಇಲ್ಲ. ಮೊಬೈಲ್ ತೆಗೆಯುವ ಹಾಗಿಲ್ಲ. ಮನಸ್ಸಿನಲ್ಲೇ ಸೆಕೆಂಡು ಎಣಿಸಿಕೊಂಡು ಉಸಿರೂ ಎಣಿಸಲು ಹೋದರೆ ಎರಡೂ ಕಲೆಸಿಹೋಗುತ್ತದೆ.

ರಾತ್ರಿಪಾಳಿ:

ಎದೆಗೆ ಪಿನ್ ಹಾಕಿಕೊಳ್ಳುವ ಗಡಿಯಾರ ಸಿಗುತ್ತದೆ, ತಲೆಕೆಳಗಾಗಿ ನೇತಾಡುತ್ತದೆ, ಬಗ್ಗಿ ನೋಡಿದರೆ ನಿಮಗೆ ನೇರ ಕಾಣುತ್ತದೆ. ಸೆಕೆಂಡ್ ಮುಳ್ಳು ಇರುವುದನ್ನೇ ತೆಗೆದುಕೊಳ್ಳಿ. ಒರೆಸಿ ಶುಚಿ ಮಾಡುವಂತಿರಲಿ, ಬಟ್ಟೆಯ ಪಟ್ಟಿ ಇರುವುದು ಬೇಡ.

ಕಂಡದ್ದು ಕಂಡಂತೆ:

ನನ್ನ ಹತ್ತಿರ ಅಂಥದ್ದೊಂದು ಇದೆ. ಸೇರಿದ ಹೊಸದರಲ್ಲಿ ಕೊಂಡದ್ದು. ಸೆಲ್ ಹೋಗಿ ನಾಲ್ಕೈದು ವರ್ಷ ಆಗಿರಬೇಕು. ನಾಳೆ ಹಾಕಿಸುತ್ತೇನೆ.